ಬರ್ಗರಿಗೂ ನಾಲ್ಕು ಚಕ್ರ: ಕಡಿಮೆ ಖರ್ಚಿನಲ್ಲಿ ಪುಟ್ಟ ಲೋಹದ ಕಾರುಗಳನ್ನು ಕೂಡಿಸುವುದು ಹೇಗೆ?

ಸೂಪರ್ ಮಾರ್ಕೆಟ್ಟಿನ ಆಟಿಕೆ ಸಾಲಿನಲ್ಲಿ ಹಾಟ್ ವೀಲ್ಸ್ ಕಾರುಗಳು ನೇತಾಡುವ ಕೊಕ್ಕೆಗಳಿರುತ್ತವಲ್ಲ, ಹೊಸ ಸರಕು ಬಂದ ದಿನ ಅವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ನಿಸ್ಸಾನ್ ಸ್ಕೈಲೈನ್, ಪೋರ್ಶೆ, ಹೋಂಡಾ ಸಿವಿಕ್ ಎಲ್ಲ ಮಧ್ಯಾಹ್ನದೊಳಗೆ ಮಾಯ. ಸಂಜೆ ಉಳಿದಿರುವುದು ಬರ್ಗರ್ ಆಕಾರದ ಕಾರು, ಬ್ರೆಡ್ ಟೋಸ್ಟರಿಗೆ ಚಕ್ರ ಮೂಡಿದಂಥ ಕಾರು, ರಬ್ಬರ್ ಬಾತುಕೋಳಿ, ಮುಂದೆ ಮೀಸೆ ಹೊತ್ತ ಗಾಡಿ. ನನ್ನ ಸಂಗ್ರಹ ಶುರುವಾದದ್ದೇ ಹೀಗೆ ಉಳಿದವುಗಳಿಂದ. ಇವತ್ತಿಗೂ ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಯಾರೂ ಮುಗಿಬೀಳದ ಚಿತ್ರವಿಚಿತ್ರ ಕಾರುಗಳಿಂದ ಶುರುಮಾಡಿ. ಎಂಆರ್‌ಪಿಗೇ ಸಿಗುತ್ತವೆ, ಕ್ಯೂ ನಿಲ್ಲಬೇಕಿಲ್ಲ, ಕೈಯಲ್ಲಿ ಹಿಡಿದು ನೋಡಿದಷ್ಟೂ ಕಣ್ಣಿಗೆ ಹೊಸದೇನಾದರೂ ಬೀಳುತ್ತದೆ.

ಇವು ಕಳಪೆ ಮಾಲೇನೂ ಅಲ್ಲ. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಶುರುಮಾಡಿದಾಗ ಮೊದಲ ವರ್ಷ ಬಂದದ್ದು 16 ಕಾರುಗಳು. ಅವುಗಳಲ್ಲೇ ಒಂದಾದ ಡಿಯೋರಾ, ಬೆನ್ನ ಮೇಲೆ ಎರಡು ಸರ್ಫ್ ಹಲಗೆ ಹೊತ್ತ ವಿಚಿತ್ರ ಪಿಕಪ್. 1969ರ ಟ್ವಿನ್ ಮಿಲ್ ಕಾರಿನ ಮೂತಿಯ ಮೇಲೆ ಎರಡು ಎಂಜಿನ್. 1970ರ ರೆಡ್ ಬ್ಯಾರನ್ ತಲೆಗೆ ಸೈನಿಕರ ಲೋಹದ ಟೋಪಿ. ನಿಜವಾದ ರಸ್ತೆಯಲ್ಲಿ ಇಲ್ಲದ ಕಾರು ಮಾಡುವುದು ಈ ಆಟಿಕೆಗಳ ಹುಟ್ಟುಗುಣ.

1. ಮೊದಲು ಒಂದು ವಿಷಯ ಆರಿಸಿಕೊಳ್ಳಿ

ಸಿಕ್ಕಿದ್ದೆಲ್ಲ ಕೊಳ್ಳಲು ಹೊರಟರೆ ಆರು ತಿಂಗಳಲ್ಲಿ ಮನೆಯಲ್ಲಿ ಜಾಗವೂ ಇರುವುದಿಲ್ಲ, ಜೇಬಿನಲ್ಲಿ ದುಡ್ಡೂ ಇರುವುದಿಲ್ಲ. ಹಾಟ್ ವೀಲ್ಸ್ ಸಾಮಾನ್ಯ ದರ್ಜೆಯಲ್ಲೇ, ಅಂದರೆ ಸಂಗ್ರಾಹಕರು ಮೇನ್‌ಲೈನ್ ಎನ್ನುವ ಸಾಲಿನಲ್ಲೇ, ವರ್ಷಕ್ಕೆ 250ರಷ್ಟು ಕಾರುಗಳು ಬರುತ್ತವೆ. ಬಣ್ಣ ಬದಲಾದವು ಬೇರೆ. ಎಲ್ಲವನ್ನೂ ಹಿಡಿಯಲು ಹೋಗಬೇಡಿ.

ನನ್ನ ವಿಷಯ ತಿಂಡಿ. ಹಾಟ್ ವೀಲ್ಸ್‌ನಲ್ಲಿ ಫಾಸ್ಟ್ ಫುಡೀ ಎಂಬ ಕಿರುಮಾಲಿಕೆ ಇದೆ. ಬನ್ಸ್ ಆಫ್ ಸ್ಟೀಲ್ ಎಂದರೆ ಬರ್ಗರ್, ಸ್ಟ್ರೀಟ್ ವೀನರ್ ಎಂದರೆ ಹಾಟ್ ಡಾಗ್, ಕಾರ್-ಡೆ-ಅಸಾಡ ಎಂದರೆ ಮೆಕ್ಸಿಕೊದ ಟ್ಯಾಕೊ, ಡೋನಟ್ ಡ್ರಿಫ್ಟರ್ ಹೆಸರೇ ಹೇಳುವಂತೆ ಡೋನಟ್, ರೋಲರ್ ಟೋಸ್ಟರ್ ಎಂದರೆ ಬ್ರೆಡ್ ಹೋಳುಗಳನ್ನು ನೆತ್ತಿಯ ಮೇಲೆ ಹೊತ್ತ ಟೋಸ್ಟರ್. ಇವನ್ನೆಲ್ಲ ಒಂದೇ ಗೋಡೆಶೆಲ್ಫಿನಲ್ಲಿ ಸಾಲಾಗಿ ನಿಲ್ಲಿಸಿ ಅದಕ್ಕೆ ಬೆಂಗಳೂರಿನ ವಿ.ವಿ. ಪುರದ ತಿಂಡಿಬೀದಿಯ ಹೆಸರನ್ನೇ ಇಟ್ಟಿದ್ದೇನೆ. ಮನೆಗೆ ಬಂದವರು ಪೋರ್ಶೆ ಇರುವ ಶೆಲ್ಫನ್ನು ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ತಿಂಡಿಬೀದಿಯ ಮುಂದೆ ನಿಂತೇ ಬಿಡುತ್ತಾರೆ.

ಪ್ರಾಣಿಗಳು ಇಷ್ಟವಾದರೆ ಸ್ಟ್ರೀಟ್ ಬೀಸ್ಟ್ಸ್ ಎಂಬ ಮಾಲಿಕೆ ನೋಡಿ. ಶಾರ್ಕ್ ಆಕಾರದ ಶಾರ್ಕ್‌ರೂಸರ್ 1980ರ ದಶಕದಿಂದ ಬೇರೆಬೇರೆ ಬಣ್ಣಗಳಲ್ಲಿ ಬರುತ್ತಲೇ ಇದೆ, ಅದೊಂದನ್ನೇ ಕೂಡಿಸುವವರೂ ಇದ್ದಾರೆ. ಒಂದೇ ಅಚ್ಚು, ಹತ್ತು ಬಣ್ಣ. ಇದೂ ಒಳ್ಳೆಯ ವಿಷಯವೇ. ದಿನಬಳಕೆಯ ವಸ್ತುಗಳನ್ನು ಹಿಡಿಯುವುದಾದರೆ ಸೋಡಾ ಬಾಟಲಿಯ ಆಕಾರದ ಕಾರ್ಬನೇಟರ್ ಹುಡುಕಿ. ಅದರಲ್ಲಿ ಬಾಟಲಿ ಮುಚ್ಚಳ ತೆಗೆಯುವ ಓಪನರ್ ಕೂಡ ಸೇರಿಕೊಂಡಿದೆ.

ಈ ಹುಚ್ಚು ನಿಮಗೆ ನಿಜವಾಗಿಯೂ ಒಗ್ಗುತ್ತದೆಯೇ ಎಂದು ನೋಡಬೇಕಿದ್ದರೆ, ಹೈದರಾಬಾದಿಗೆ ಹೋದಾಗ ಅಲ್ಲಿನ ಮೃಗಾಲಯದ ಹತ್ತಿರ ಇರುವ ಸುಧಾ ಕಾರ್ಸ್ ಮ್ಯೂಸಿಯಂ ಒಳಗೆ ಒಂದು ಗಂಟೆ ಕಳೆಯಿರಿ. ಷೂ, ಕ್ಯಾಮೆರಾ, ಬದನೆಕಾಯಿ, ಸ್ನೂಕರ್ ಟೇಬಲ್ ಆಕಾರದ, ಜನ ಕೂತು ಓಡಿಸಬಲ್ಲ ಕಾರುಗಳನ್ನು ಕೆ. ಸುಧಾಕರ್ ಎಂಬವರು ತಾವೇ ಕಟ್ಟಿ ಅಲ್ಲಿಟ್ಟಿದ್ದಾರೆ. ಅಲ್ಲಿಂದ ಬಂದ ಮೇಲೆ ಏಳು ಸೆಂಟಿಮೀಟರ್ ಬರ್ಗರ್ ಕಾರಿನ ಬಗ್ಗೆ ಯಾರಿಗೂ ವಿವರಣೆ ಕೊಡಬೇಕು ಅನ್ನಿಸುವುದಿಲ್ಲ.

2. ಕಾರನ್ನು ಓದುವುದು ಕಲಿಯಿರಿ

ಈ ಹೆಜ್ಜೆಗೆ ಸಮಯ ಕೊಡಿ, ಮುಂದೆ ಹಣ ಉಳಿಯುವುದು ಇಲ್ಲೇ.

ಈ ಲೋಹದ ಕಾರುಗಳನ್ನು ಡೈ-ಕಾಸ್ಟ್ ಎನ್ನುತ್ತಾರೆ, ಅಂದರೆ ಅಚ್ಚೆರಕ. ಕರಗಿದ ಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿ ತೆಗೆಯುವ ವಿಧಾನ. ಲೋಹದ ಹೆಸರು ಜಮಾಕ್: ಮುಖ್ಯವಾಗಿ ಸತು, ಅದಕ್ಕೆ ನೂರಕ್ಕೆ ನಾಲ್ಕು ಪಾಲಿನಷ್ಟು ಅಲ್ಯುಮಿನಿಯಂ, ಜೊತೆಗೆ ತುಸು ಮೆಗ್ನೀಸಿಯಂ, ತಾಮ್ರ. ಸುಮಾರು 390 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಅಚ್ಚು ಬೇಗ ಸವೆಯುವುದಿಲ್ಲ, ಸಣ್ಣ ಗೆರೆಯೂ ಚೊಕ್ಕವಾಗಿ ಮೂಡುತ್ತದೆ. ಕಾರು ಅಗ್ಗವಾಗಿರುವುದಕ್ಕೂ ಚಂದವಾಗಿರುವುದಕ್ಕೂ ಕಾರಣ ಇದೇ ಲೋಹ.

ಒಂದು ಸಣ್ಣ ಪರೀಕ್ಷೆ ಮಾಡಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತವನ್ನು ಕಾರಿನ ಬೆನ್ನಿಗೆ ಹಿಡಿಯಿರಿ. ಅಂಟುವುದಿಲ್ಲ, ಏಕೆಂದರೆ ಜಮಾಕ್‌ಗೆ ಕಾಂತ ಹಿಡಿಯುವುದಿಲ್ಲ. ಈಗ ಎರಡು ಚಕ್ರಗಳನ್ನು ಕೂಡಿಸುವ ಕಡ್ಡಿಯ ಹತ್ತಿರ ತನ್ನಿ, ಟಕ್ಕೆಂದು ಎಳೆಯುತ್ತದೆ, ಅದು ಉಕ್ಕು. ಮೈ ಲೋಹವೋ ಪ್ಲಾಸ್ಟಿಕ್ಕೋ ತಿಳಿಯಲು ಕೆನ್ನೆಗೆ ಒತ್ತಿ ನೋಡಿ, ಲೋಹ ತಣ್ಣಗೆ ತಾಗುತ್ತದೆ. ಎಷ್ಟೋ ಕಾರುಗಳಲ್ಲಿ ಮೈ ಲೋಹ, ತಳ ಪ್ಲಾಸ್ಟಿಕ್ ಇರುತ್ತದೆ, ಕೆಲವದರಲ್ಲಿ ತಿರುಗುಮುರುಗು. ಪ್ಲಾಸ್ಟಿಕ್ ಇದೆ ಎಂದ ಮಾತ್ರಕ್ಕೆ ನಕಲಿ ಎಂದುಕೊಳ್ಳಬೇಡಿ.

ಈಗ ಕಾರನ್ನು ಮಗುಚಿ ಹಾಕಿ ತಳ ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ. ಅಲ್ಲಿ ಕಾರಿನ ಹೆಸರು ಇರುತ್ತದೆ. ಮಲೇಷಿಯಾ, ಥಾಯ್ಲೆಂಡ್, ಇಂಡೊನೇಷ್ಯಾ, ಹೀಗೆ ತಯಾರಾದ ದೇಶ ಇರುತ್ತದೆ. ಮ್ಯಾಟೆಲ್ ಹೆಸರಿನ ಪಕ್ಕದಲ್ಲಿ ಒಂದು ಇಸವಿ. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಜನ ಎಡವುವುದು ಈ ಇಸವಿಯಲ್ಲೇ. ಅದು ಕಾರು ತಯಾರಾದ ವರ್ಷವಲ್ಲ, ಆ ವಿನ್ಯಾಸಕ್ಕೆ ಹಕ್ಕು ಪಡೆದ ವರ್ಷ. 1980ರ ದಶಕದ ಇಸವಿ ಹೊತ್ತ ಕಾರು ಮೊನ್ನೆ ಮೊನ್ನೆ ಕಾರ್ಖಾನೆಯಿಂದ ಬಂದಿರಬಹುದು. "ಹಳೇ ಪೀಸ್ ಸಾರ್, ತಳ ನೋಡಿ" ಎಂದು ಯಾರಾದರೂ ಎರಡು ಸಾವಿರ ಕೇಳಿದರೆ ಇದು ನೆನಪಿರಲಿ. ನಿಜವಾದ ತಯಾರಿಕೆಯ ಕಾಲ ತಿಳಿಯಬೇಕಾದರೆ ಅದೇ ತಳದಲ್ಲಿ ಪುಟ್ಟದಾಗಿ ಒತ್ತಿರುವ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿ ಹುಡುಕಿ. ಇತ್ತೀಚಿನ ಕಾರುಗಳಲ್ಲಿ ಅಕ್ಷರ ವರ್ಷವನ್ನೂ ಅಂಕಿ ಆ ವರ್ಷದ ಎಷ್ಟನೇ ವಾರ ಎಂಬುದನ್ನೂ ಹೇಳುತ್ತದೆ.

ಅಳತೆಯ ಬಗ್ಗೆಯೂ ಒಂದು ಮಾತು. ಈ ಕಾರುಗಳನ್ನು 1:64 ಎನ್ನುತ್ತಾರೆ, ಅಂದರೆ ನಿಜವಾದ ಕಾರಿನ ಉದ್ದದ ಅರವತ್ನಾಲ್ಕನೇ ಒಂದು ಪಾಲು. ಸುಮಾರು 4.3 ಮೀಟರ್ ಉದ್ದದ ಅಂಬಾಸಡರ್ ಆ ಲೆಕ್ಕದಲ್ಲಿ ಏಳು ಸೆಂಟಿಮೀಟರಿಗೂ ತುಸು ಕಡಿಮೆ. ಆದರೆ ಬಸ್ಸೂ ಪುಟ್ಟ ಕಾರೂ ಒಂದೇ ಅಳತೆಯ ಪೊಟ್ಟಣದಲ್ಲಿ ಹಿಡಿಸಬೇಕಾದ್ದರಿಂದ ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿರುತ್ತಾರೆ. ಬರ್ಗರಿಗಂತೂ ಅಳತೆಯ ಗೊಡವೆಯೇ ಇಲ್ಲ.

ಪೊಟ್ಟಣಕ್ಕೂ ಒಂದು ಚರಿತ್ರೆ ಇದೆ. ಇಂಗ್ಲೆಂಡಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ತಮ್ಮ ಮಗಳಿಗಾಗಿ ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಸಣ್ಣ ರೋಡ್ ರೋಲರ್ ಮಾಡಿಕೊಟ್ಟರು. ಅವಳ ಶಾಲೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ದೊಡ್ಡ ಆಟಿಕೆ ತರುವಂತಿರಲಿಲ್ಲ. 1953ರಲ್ಲಿ ಬಂದ ಮ್ಯಾಚ್‌ಬಾಕ್ಸ್ ಎಂಬ ಹೆಸರಿನ ಮೂಲ ಅದು. 1997ರಿಂದ ಮ್ಯಾಚ್‌ಬಾಕ್ಸ್ ಕೂಡ ಮ್ಯಾಟೆಲ್ ಕೈಯಲ್ಲೇ ಇದೆ.

3. ಎಲ್ಲಿ ಹುಡುಕಬೇಕು

ದೊಡ್ಡ ಮಾಲ್‌ಗಳ ಆಟಿಕೆ ಅಂಗಡಿಗಿಂತ ಬಡಾವಣೆಯ ಸ್ಟೇಷನರಿ ಅಂಗಡಿ, ಪುಸ್ತಕದಂಗಡಿಯ ಮೂಲೆ, ಬೇಕರಿ ಪಕ್ಕದ ಫ್ಯಾನ್ಸಿ ಸ್ಟೋರ್ ನನಗೆ ಹೆಚ್ಚು ಕೊಟ್ಟಿವೆ. ದೊಡ್ಡ ಅಂಗಡಿಗಳಿಗೆ ಬೆಳಿಗ್ಗೆಯೇ ಬಂದು ಡಬ್ಬವನ್ನೇ ಜಾಲಾಡುವವರಿದ್ದಾರೆ. ಸಣ್ಣ ಅಂಗಡಿಗೆ ಅವರು ಬರುವುದಿಲ್ಲ. ಅಲ್ಲಿ ಎರಡು ಮೂರು ವರ್ಷ ಹಿಂದಿನ ಕಾರು ಹಳೆಯ ಎಂಆರ್‌ಪಿಯಲ್ಲೇ ಧೂಳು ಹಿಡಿದು ನೇತಾಡುತ್ತಿರುತ್ತದೆ.

ಅಂಗಡಿಯವರ ಜೊತೆ ಮಾತು ಬೆಳೆಸಿ.

"ಅಣ್ಣ, ಹೊಸ ಡಬ್ಬ ಯಾವಾಗ ಒಡೀತೀರ?"

"ಗುರುವಾರ ಬನ್ನಿ ಸಾರ್. ಆದ್ರೆ ನಿಮ್ಗೆ ಬೇಕಾಗಿರೋದು ಆ ಬನ್ನು, ಬ್ರೆಡ್ಡು ತಾನೆ? ಅದು ಎಲ್ಲಿಗೂ ಹೋಗಲ್ಲ, ತೆಗೆದಿಟ್ಟಿರ್ತೀನಿ ಬಿಡಿ."

ನನಗೆ ಕಾರ್-ಡೆ-ಅಸಾಡ ಸಿಕ್ಕಿದ್ದು ಹೀಗೆ ತೆಗೆದಿಟ್ಟದ್ದರಿಂದ. ಪೋರ್ಶೆ ಕೇಳಿದ್ದರೆ ಈ ಮಾತು ಕೇಳಿಬರುತ್ತಿರಲಿಲ್ಲ. ಒಮ್ಮೆ ಒಂದು ದೊಡ್ಡ ಅಂಗಡಿಯಲ್ಲಿ, ಬೇಡಿಕೆಯ ಕಾರುಗಳನ್ನು ಕೌಂಟರ್ ಕೆಳಗಿಟ್ಟುಕೊಂಡು ಬೇರೆಯವರಿಗೆ ಮೂರುಪಟ್ಟು ಬೆಲೆಗೆ ಕೊಡುವುದನ್ನು ಕಣ್ಣಾರೆ ನೋಡಿ ಮನಸ್ಸು ಕಹಿಯಾಗಿತ್ತು. ಆ ಅಂಗಡಿಗೆ ಮತ್ತೆ ಹೋಗಲಿಲ್ಲ.

ಬೆಂಗಳೂರಿನಲ್ಲಿರುವವರು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಭಾನುವಾರ ಬೆಳಿಗ್ಗೆ ಬೇಗ ಹೋಗಿ. ನೆಲದ ಮೇಲೆ ಹಾಸಿದ ಟಾರ್ಪಾಲಿನಲ್ಲಿ ಹಳೆಯ ಚಾರ್ಜರ್, ನಲ್ಲಿ, ಗಡಿಯಾರಗಳ ನಡುವೆ ಬಣ್ಣ ಕಿತ್ತ ಕಾರುಗಳು ಸಿಗುತ್ತವೆ. ಅಲ್ಲಿ ತಳ ನೋಡುವುದನ್ನು ಮರೆಯಬೇಡಿ: ಲಿಯೋ ಮ್ಯಾಟೆಲ್ ಎಂದು ಇದ್ದರೆ ಅದು ಒಂದು ಕಾಲದಲ್ಲಿ ಭಾರತದಲ್ಲೇ ತಯಾರಾದ ಹಾಟ್ ವೀಲ್ಸ್. ಬೇರೆ ದೇಶಗಳಲ್ಲಿ ಬಾರದ ಬಣ್ಣಗಳು ಅವುಗಳಲ್ಲಿ ಇರುವುದರಿಂದ ಹೊರದೇಶದ ಸಂಗ್ರಾಹಕರೂ ಅವನ್ನು ಹುಡುಕುತ್ತಾರೆ.

ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳಲ್ಲೂ ಈ ಕಾರುಗಳಿವೆ. ಆದರೆ ಬಹಳಷ್ಟು ಸಲ ಯಾವ ಕಾರು ಬರುತ್ತದೆ ಎಂದು ಆರಿಸುವಂತಿಲ್ಲ. ತಿಂಡಿಬೀದಿ ತುಂಬಿಸಬೇಕಾದವರಿಗೆ ಅದು ಸರಿಹೊಂದುವುದಿಲ್ಲ.

ಹಾಟ್ ವೀಲ್ಸ್ ಒಂದಕ್ಕೇ ಕಟ್ಟುಬೀಳಬೇಕಿಲ್ಲ. ಫ್ರೆಂಚ್ ಮೂಲದ ಮಜೊರೆಟ್ ಕಾರುಗಳಲ್ಲಿ ಚಕ್ರದ ಸಸ್ಪೆನ್ಷನ್ ಇರುತ್ತದೆ, ಬೆರಳಲ್ಲಿ ಒತ್ತಿದರೆ ಕುಣಿಯುತ್ತದೆ, ಎಷ್ಟೋ ಮಾದರಿಗಳಲ್ಲಿ ಬಾಗಿಲೂ ತೆರೆಯುತ್ತದೆ. ಕಿನ್‌ಸ್ಮಾರ್ಟ್ ಕಾರುಗಳು ಸುಮಾರು ಐದು ಇಂಚು, ಹಿಂದಕ್ಕೆಳೆದು ಬಿಟ್ಟರೆ ಓಡುತ್ತವೆ. ನಮ್ಮ ಸೆಂಟಿ ಆಟೋರಿಕ್ಷಾ, ಅಂಬಾಸಡರ್ ಪ್ಲಾಸ್ಟಿಕ್ ಆದರೂ ನನ್ನ ಶೆಲ್ಫಿನಲ್ಲಿವೆ. ತಿಂಡಿಬೀದಿಗೆ ಆಟೋ ಬೇಡವೇ?

4. ದುಡ್ಡು ಕೊಡುವ ಮುಂಚೆ ನೋಡಬೇಕಾದವು

ಕಾರು ಕಾರ್ಡಿನಲ್ಲಿ, ಅಂದರೆ ಪೊಟ್ಟಣದ ರಟ್ಟಿನಲ್ಲಿ, ಇರುವಾಗಲೇ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ: ನಾಲ್ಕು ಚಕ್ರಗಳೂ ನೆಟ್ಟಗಿವೆಯೇ, ಕಡ್ಡಿ ಬಾಗಿದೆಯೇ? ಪಕ್ಕದ ಚಿತ್ರದ ಮುದ್ರಣ ಸರಿಯಾಗಿ ಕೂತಿದೆಯೇ? ಬರ್ಗರ್ ಕಾರಿನಲ್ಲಿ ಎಲೆಕೋಸಿನ ಹಸಿರು ಬನ್ನಿನ ಮೇಲೆ ಜಾರಿ ಕೂತಿದ್ದರೆ ಅದು ಮುದ್ರಣದ ದೋಷ. ಕೆಲವರಿಗೆ ಅದೇ ಇಷ್ಟ, ಆದರೆ ಗೊತ್ತಿದ್ದೇ ಕೊಳ್ಳಿ.

ನಕಲಿ ಹಿಡಿಯಲು ನಾನು ಮೊದಲು ನೋಡುವುದು ಐಎಸ್ಐ ಗುರುತು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಈ ಗುರುತು ಕಡ್ಡಾಯ. ಹೊಸ ಕಾರಿನ ಕಾರ್ಡಿನಲ್ಲಿ ಗುರುತಾಗಲಿ, ಆಮದುದಾರರ ವಿಳಾಸವಾಗಲಿ, ಎಂಆರ್‌ಪಿಯಾಗಲಿ ಇಲ್ಲದಿದ್ದರೆ ಕೈಬಿಡಿ. ಆಮೇಲೆ ತಳದ ಜೋಡಣೆ ನೋಡಿ. ಅಸಲಿ ಮೇನ್‌ಲೈನ್ ಕಾರಿನ ತಳವನ್ನು ರಿವೆಟ್ ಹೊಡೆದು ಕೂಡಿಸಿರುತ್ತಾರೆ, ಸ್ಕ್ರೂ ಕಂಡರೆ ಅನುಮಾನಿಸಿ. ಹೆಸರಿನಲ್ಲಿ ಅಕ್ಷರ ತಪ್ಪು, ತೆಳು ಕಾರ್ಡು, ಉರುಳಿಸಿದರೆ ಕುಂಟುವ ಚಕ್ರ, ಇವು ಉಳಿದ ಲಕ್ಷಣಗಳು.

ಬೆಲೆ ಯಾಕೆ ಹೀಗೆ ಎಂದು ಕೇಳುವವರಿಗೆ: ಅಮೆರಿಕದಲ್ಲಿ ಒಂದು ಡಾಲರ್ ಚಿಲ್ಲರೆಗೆ ಸಿಗುವ ಕಾರಿಗೆ ನಾವು ಇನ್ನೂರು ರೂಪಾಯಿ ಆಸುಪಾಸು ಕೊಡುತ್ತೇವೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದಕ್ಕೇ ತಿಂಗಳಿಗೆ ಇಷ್ಟು ಎಂದು ಗೆರೆ ಎಳೆದುಕೊಳ್ಳಿ. ನನ್ನ ಗೆರೆ 500 ರೂಪಾಯಿ: ಎರಡು ಹೊಸ ಕಾರು, ಉಳಿದದ್ದು ಸಂಡೇ ಬಜಾರಿಗೆ.

ಟಿ-ಹಂಟ್ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. 1995ರಿಂದ ಹಾಟ್ ವೀಲ್ಸ್ ಸಾಮಾನ್ಯ ಡಬ್ಬಗಳಲ್ಲೇ ಕೆಲವು ಅಪರೂಪದ ಕಾರುಗಳನ್ನು ಬೆರೆಸಿ ಕಳಿಸುತ್ತದೆ, ಅವೇ ಟ್ರೆಷರ್ ಹಂಟ್. ಈಗಿನ ಸಾಮಾನ್ಯ ಟಿ-ಹಂಟ್ ಕಾರಿನ ಮೈಮೇಲೆ ವೃತ್ತದೊಳಗಿನ ಜ್ವಾಲೆಯ ಚಿತ್ರ ಇರುತ್ತದೆ, ಕಾರಿನ ಹಿಂದೆ ಕಾರ್ಡಿನಲ್ಲಿ ಬೆಳ್ಳಿಬಣ್ಣದ ಜ್ವಾಲೆ. ಸೂಪರ್ ಟಿ-ಹಂಟ್‌ಗೆ ಹೊಳೆಯುವ ಸ್ಪೆಕ್ಟ್ರಾಫ್ಲೇಮ್ ಬಣ್ಣ, ರಬ್ಬರ್ ಟೈರು, ಕಾರ್ಡಿನಲ್ಲಿ ಬಂಗಾರದ ಜ್ವಾಲೆ. ಎಂಆರ್‌ಪಿಗೆ ಸಿಕ್ಕರೆ ಖಂಡಿತ ತೆಗೆದುಕೊಳ್ಳಿ. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಾಮಾನ್ಯ ಕಾರಿಗೆ ಬಣ್ಣ ಬಳಿದು ರಬ್ಬರ್ ಟೈರು ಹಾಕಿ ಮಾರುವವರು ಇರುವುದರಿಂದ ಹೊಸಬರು ಮೋಸಹೋಗುವುದು ಸುಲಭ.

5. ಪೊಟ್ಟಣ ಒಡೆಯಬೇಕೇ?

ಒಡೆಯಿರಿ. ಈ ಆಕಾರಗಳನ್ನು ಕೈಯಲ್ಲಿ ತಿರುಗಿಸಿ ನೋಡದೆ ಅರ್ಥವಾಗುವುದಿಲ್ಲ. 2022ರಲ್ಲಿ ಮ್ಯಾಟೆಲ್ ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟದ ಜೊತೆಗೂಡಿ ಟ್ವಿನ್ ಮಿಲ್ ಕಾರನ್ನು ಮೈಮೇಲೆ ಬ್ರೈಲ್ ಚುಕ್ಕೆಗಳೊಂದಿಗೆ ತಂದಿತು. ಅದನ್ನು ಪೊಟ್ಟಣದಲ್ಲೇ ಇಟ್ಟುಕೊಂಡರೆ ಏನು ಸಿಕ್ಕೀತು? ಬೆಲೆ ಏರಲಿ ಎಂದು ಕಾಯುವುದಾದರೆ ಮುಚ್ಚಿಯೇ ಇಡಬೇಕು, ಆದರೆ ಚಿತ್ರವಿಚಿತ್ರ ಕಾರುಗಳ ಬೆಲೆ ಹಾಗೆ ಏರುವುದು ಕಡಿಮೆ.

ಒಡೆಯುವ ರೀತಿ: ಕಾರ್ಡನ್ನು ಹರಿಯಬೇಡಿ. ಹೇರ್ ಡ್ರೈಯರನ್ನು ಹಿಂಬದಿಯಿಂದ ಅರ್ಧ ನಿಮಿಷ ಹಿಡಿದರೆ ಅಂಟು ಮೆತ್ತಗಾಗಿ ಬ್ಲಿಸ್ಟರ್ ಎಂಬ ಪ್ಲಾಸ್ಟಿಕ್ ಗುಳ್ಳೆ ನಿಧಾನಕ್ಕೆ ಬಿಡುತ್ತದೆ. ಅವಸರ ಮಾಡಿದರೆ ಕಾಗದದ ಪದರ ಕಿತ್ತು ಬರುತ್ತದೆ. ಕಾರ್ಡುಗಳನ್ನು ಫೈಲಿನಲ್ಲಿ ಹಾಕಿಡಿ.

6. ತೊಳೆಯುವುದು, ಕಾಪಾಡುವುದು

ಸಂಡೇ ಬಜಾರಿನಿಂದ ತಂದ ಕಾರನ್ನು ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಹಳೆಯ ಮೆದು ಟೂತ್ ಬ್ರಷ್ ಇಷ್ಟರಲ್ಲೇ ತೊಳೆಯಿರಿ. ಚಕ್ರದ ಕಡ್ಡಿಗೆ ಸುತ್ತಿದ ಕೂದಲು, ನೂಲನ್ನು ಚಿಮಟದಿಂದ ತೆಗೆಯಿರಿ. ಆಮೇಲೆ ಬಟ್ಟೆಯ ಮೇಲೆ ಮಗುಚಿಟ್ಟು ರಾತ್ರಿಯಿಡೀ ಒಣಗಲು ಬಿಡಿ, ಒಳಗೆ ನೀರು ನಿಂತರೆ ಉಕ್ಕಿನ ಕಡ್ಡಿ ತುಕ್ಕು ಹಿಡಿಯುತ್ತದೆ.

ಹಿತ್ತಾಳೆ ಪಾತ್ರೆ ಬೆಳಗಿದಂತೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜಬೇಡಿ. ಸತುವಿಗೆ ಹುಳಿ ಆಗಿಬರುವುದಿಲ್ಲ. ನನ್ನ ಒಂದು ಹಳೆಯ ಕಾರಿನ ಬಣ್ಣವಿಲ್ಲದ ತಳವನ್ನು ಮನೆಯವರು ಒಳ್ಳೆಯ ಮನಸ್ಸಿನಿಂದ ಹುಣಸೆ ರಸದಲ್ಲಿ ನೆನೆಹಾಕಿದ್ದರು. ಮರುದಿನ ಹೊಳಪು ಹೋಗಿ ಮಸಿಬೂದು ಬಣ್ಣ, ಹೆಸರಿನ ಅಕ್ಷರಗಳ ಅಂಚು ಮೊಂಡಾಗಿತ್ತು. ಅದನ್ನು ಸರಿಮಾಡುವ ದಾರಿ ಇಲ್ಲ.

ಬಹಳ ಹಳೆಯ ಕಾರು ಸಿಕ್ಕರೆ ಮೈಯಲ್ಲಿ ಒಣಕೆರೆಯ ಮಣ್ಣಿನಂತೆ ಸೀಳುಗಳಿವೆಯೇ ನೋಡಿ. ಸತುವಿನಲ್ಲಿ ಸೀಸದಂಥ ಕಲಬೆರಕೆ ಇದ್ದಾಗ ಲೋಹ ಒಳಗಿಂದಲೇ ಉಬ್ಬಿ ಬಿರಿಯುತ್ತದೆ, ಇದಕ್ಕೆ ಜಿಂಕ್ ಪೆಸ್ಟ್ ಎನ್ನುತ್ತಾರೆ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಆಟಿಕೆಗಳಲ್ಲಿ ಇದು ಹೆಚ್ಚು. ಹೆಸರಲ್ಲಿ ಪೆಸ್ಟ್ ಇದ್ದರೂ ಒಂದು ಕಾರಿನಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಹಳೆಯ ಕಾರುಗಳ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಅವನ್ನು ಮಕ್ಕಳ ಕೈಗೆ ಕೊಡಬೇಡಿ.

ಮಳೆಗಾಲವೇ ದೊಡ್ಡ ಪರೀಕ್ಷೆ. ಮಲೆನಾಡು, ಕರಾವಳಿಯಲ್ಲಿರುವವರು ಮುಚ್ಚಿಟ್ಟ ಕಾರ್ಡುಗಳು ಬಾಗುವುದನ್ನೂ ಬೂಷ್ಟು ಹಿಡಿಯುವುದನ್ನೂ ನೋಡಿರುತ್ತಾರೆ. ಮುಚ್ಚಳ ಬಿಗಿಯಾದ ಡಬ್ಬ, ಒಳಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವಂಥ ಸಿಲಿಕಾ ಜೆಲ್ ಪೊಟ್ಟಣ ನಾಲ್ಕಾರು ಇಡಿ. ಶೆಲ್ಫಿಗೆ ನೇರ ಬಿಸಿಲು ಬೀಳಬಾರದು: ಕೆಂಪು, ಹಳದಿ ಮೊದಲು ಮಂಕಾಗುತ್ತವೆ, ಬರ್ಗರ್ ಕಾರಿನಲ್ಲಿ ಇರುವುದೇ ಅವು. ರಬ್ಬರ್ ಟೈರಿನ ಕಾರುಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ನೇರವಾಗಿ ತಾಗಿಸಿಡಬೇಡಿ. ಟೈರನ್ನು ಮೆದುವಾಗಿಡುವ ರಾಸಾಯನಿಕ ಜಿನುಗಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಒಂದು ಬೇಸಿಗೆ ಕಳೆದು ನಾನು ಕಾರು ಎತ್ತಿದಾಗ ಡಬ್ಬದಲ್ಲಿ ನಾಲ್ಕು ಕುಳಿ ಬಿದ್ದಿದ್ದವು. ಈಗ ಕಾರಿನ ಕೆಳಗೆ ಅಲ್ಯುಮಿನಿಯಂ ಫಾಯಿಲ್ ಹಾಸುತ್ತೇನೆ. ಸಾಮಾನ್ಯ ಮೇನ್‌ಲೈನ್ ಕಾರುಗಳ ಚಕ್ರ ಗಟ್ಟಿ ಪ್ಲಾಸ್ಟಿಕ್, ಅವುಗಳಿಗೆ ಈ ತೊಂದರೆ ಇಲ್ಲ.

7. ಒಂದು ನೋಟ್‌ಬುಕ್

ಮೊಬೈಲಿನಲ್ಲೂ ಬರೆದಿಡಬಹುದು, ನನಗೆ ಉದ್ದ ನೋಟ್‌ಬುಕ್ಕೇ ಸರಿ. ಒಂದು ಕಾರಿಗೆ ಒಂದು ಸಾಲು: ಹೆಸರು, ಬಣ್ಣ, ತಳದ ಇಸವಿ, ಅಕ್ಷರ ಮತ್ತು ಅಂಕಿ, ದೇಶ, ಎಲ್ಲಿ ಕೊಂಡದ್ದು, ಕೊಟ್ಟ ಬೆಲೆ. ಕೊನೆಯ ಕಾಲಮ್ಮಿನಲ್ಲಿ ಒಂದು ಮಾತು: "ಮಳೆಯಲ್ಲಿ ನಿಂತಿದ್ದಾಗ ಸಿಕ್ಕಿದ್ದು", "ಅಣ್ಣ ತೆಗೆದಿಟ್ಟಿದ್ದ". ಅಂಗಡಿಗೆ ಹೋಗುವಾಗ ಆ ಪುಟಗಳ ಫೋಟೊ ಜೊತೆಗಿರಲಿ. ಐವತ್ತು ಕಾರು ದಾಟಿದ ಮೇಲೆ ಇದ್ದದ್ದನ್ನೇ ಮತ್ತೆ ಕೊಳ್ಳುವುದು ಶುರುವಾಗುತ್ತದೆ.

8. ಎರಡೆರಡು ಇದ್ದರೆ

ಜೋಡಿ ಕಾರುಗಳನ್ನು ಬೇರೆ ಡಬ್ಬದಲ್ಲಿ ಹಾಕಿ. ಬೇರೆ ಸಂಗ್ರಾಹಕರ ಜೊತೆ ಅದಲುಬದಲು ಮಾಡುವಾಗ ಮೇನ್‌ಲೈನ್‌ಗೆ ಮೇನ್‌ಲೈನ್, ಒಂದಕ್ಕೆ ಒಂದು. ದೂರದ ಊರಿನವರಿಗೆ ಕಳಿಸುವಾಗ ಕಾರಿನ ಚಕ್ರಗಳಿಗೆ ಒತ್ತಡ ಬೀಳದಂತೆ ಟಿಶ್ಯೂ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಡಿ. ಲಕೋಟೆಯಲ್ಲಿ ಕಳಿಸಿದರೆ ಕಡ್ಡಿ ಬಾಗುತ್ತದೆ.

ಉಳಿದ ಜೋಡಿಗಳು ನಮ್ಮ ಮನೆಯಲ್ಲಿ ಮಕ್ಕಳ ಪಾಲು. ಪಕ್ಕದ ಮನೆಯ ಹುಡುಗಿ ಬಂದಾಗ ಆ ಡಬ್ಬ ಮುಂದಿಡುತ್ತೇನೆ, ಒಂದನ್ನು ಆರಿಸಿಕೊಳ್ಳಬಹುದು. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇಡ, ಸಣ್ಣ ಭಾಗಗಳು ಬಾಯಿಗೆ ಹೋಗುತ್ತವೆ ಎಂಬ ಎಚ್ಚರಿಕೆ ಕಾರ್ಡಿನಲ್ಲೇ ಇದೆ. ಹೋದ ಸಲ ಅವಳು ಕೆಂಪು ರೇಸ್ ಕಾರನ್ನು ಪಕ್ಕಕ್ಕೆ ಸರಿಸಿ ಬಾತುಕೋಳಿಯನ್ನು ಎತ್ತಿಕೊಂಡಳು. ನೋಟ್‌ಬುಕ್ಕಿನಲ್ಲಿ ಅದರ ಸಾಲಿನ ಮುಂದೆ ಅವಳ ಕೈಯಲ್ಲೇ ಟಿಕ್ ಹಾಕಿಸಿದೆ.